ಮಹಿಷಾಸುರ ಬರುವಾಗ ಎಬ್ಬಿಸು

ಆಟಕ್ಕೆ ಹೊರಡುವ ಮೊದಲೇ ಅಪ್ಪನಿಂದ ಮಾತು ತೆಗೆದುಕೊಳ್ಳುತ್ತಿದ್ದೆ. "ನಾನು ನಿದ್ದೆ ಹೋದರೂ ಮಹಿಷಾಸುರ ಬರುವಾಗ ಎಬ್ಬಿಸು." ಅಪ್ಪ ಹೂಂ ಎನ್ನುತ್ತಿದ್ದ. ಗದ್ದೆಯ ಹುಣಿಯಲ್ಲಿ ಟಾರ್ಚ್ ಬೆಳಕಿನ ಹಿಂದೆ ನಡೆಯುವಾಗ ಮತ್ತೊಮ್ಮೆ ನೆನಪಿಸುತ್ತಿದ್ದೆ. ಚಾಪೆ ಹಾಸಿ, ಬೈರಾಸು ಹೊದೆದು, ಅಮ್ಮನ ತೊಡೆಯ ಮೇಲೆ ತಲೆಯಿಟ್ಟ ಮೇಲೂ ಇನ್ನೊಮ್ಮೆ.

ಬಂಟ್ವಾಳದ ಕಡೆಯ ನಮ್ಮ ಊರಿನಲ್ಲಿ ಆಟ ಎಂದರೆ ಯಕ್ಷಗಾನ. ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯವರೆಗೆ ಎಲ್ಲಾದರೊಂದು ಕಡೆ ಚೆಂಡೆಯ ಸದ್ದು ಇದ್ದೇ ಇರುತ್ತಿತ್ತು. ಹತ್ತಿರದ ಮನೆಯವರು ಯಾರಾದರೂ ಹರಕೆ ಹೊತ್ತಿದ್ದರೆ ಕಟೀಲು ಮೇಳದ 'ದೇವಿ ಮಹಾತ್ಮೆ'. ಕೊಯ್ಲು ಮುಗಿದ ಗದ್ದೆ, ನಡುವೆ ರಂಗಸ್ಥಳ, ಒಂದು ಬದಿಯಲ್ಲಿ ಚರುಂಬುರಿ ಮತ್ತು ನೆಲಗಡಲೆಯ ಗಾಡಿ. ಮಧುಕೈಟಭರ ಕಥೆ ಮುಗಿಯುವ ಹೊತ್ತಿಗೆ ಮಕ್ಕಳಲ್ಲಿ ಮುಕ್ಕಾಲುಪಾಲು ನಿದ್ದೆಗೆ ಬಿದ್ದಿರುತ್ತಿದ್ದರು. ಮಹಿಷಾಸುರ ಬರುವುದು ಆಮೇಲೆ, ನಡುರಾತ್ರಿ ದಾಟಿದ ಮೇಲೆ. ಬಂದರೂ ಉಳಿದ ವೇಷಗಳ ಹಾಗೆ, ಬಣ್ಣ ಹಚ್ಚಿಕೊಳ್ಳುವ ಚೌಕಿಯಿಂದ ನೆಟ್ಟಗೆ ರಂಗಸ್ಥಳಕ್ಕೆ ಬರುವವನಲ್ಲ. ಜನರ ಬೆನ್ನ ಹಿಂದಿನ ಕತ್ತಲೆಯಿಂದ ಬರುವವನು.

ಅಪ್ಪ ಭುಜ ಅಲುಗಿಸಿ ಎಬ್ಬಿಸಿದಾಗ ಟ್ಯೂಬ್‌ಲೈಟುಗಳು ಆರಿರುತ್ತಿದ್ದವು. ಚೆಂಡೆ ಎಡೆಬಿಡದೆ ಬಡಿಯುತ್ತಿತ್ತು. ಎಲ್ಲರೂ ರಂಗಸ್ಥಳಕ್ಕೆ ಬೆನ್ನು ಹಾಕಿ ಹಿಂದಕ್ಕೆ ನೋಡುತ್ತಿದ್ದರು. ಗದ್ದೆಯ ಆ ತುದಿಯಲ್ಲಿ, ತೆಂಗಿನ ತೋಟದ ಪಕ್ಕದಲ್ಲಿ, ಮೊದಲು ಎರಡು ಸೂಟೆ (ಪಂಜು) ಹೊತ್ತಿಕೊಳ್ಳುತ್ತಿದ್ದವು. ಆಮೇಲೆ ಇನ್ನೆರಡು. ಯಾರೋ ಬೆಂಕಿಗೆ ರಾಳದ ಪುಡಿ ಎರಚಿದಾಗ ಭಗ್ಗನೆ ಎದ್ದ ಬೆಳಕಿನಲ್ಲಿ ಒಂದು ಗಳಿಗೆ ಎರಡು ಕೋಡು, ಒಂದು ಮುಖ, ಮುಖದ ತುಂಬ ಬಿಳಿ ಮುಳ್ಳು ಕಾಣಿಸಿ ಮತ್ತೆ ಎಲ್ಲ ಕಪ್ಪು. ಆಮೇಲೆ ಅಬ್ಬರ. ಗಂಟಲಿನಿಂದ ಬರುವ ಸ್ವರವಲ್ಲ ಅದು. ನೆಲದಿಂದ ಹೊರಟು ಚಾಪೆಯ ಮೂಲಕ ನನ್ನ ಹೊಟ್ಟೆಗೆ ತಲುಪುತ್ತಿತ್ತು. ಸೂಟೆಗಳು ಹತ್ತಿರ ಬಂದಂತೆ ಜನ ಎರಡಾಗಿ ಸೀಳಿ ದಾರಿ ಬಿಡುತ್ತಿದ್ದರು. ಆ ದಾರಿ ನಮ್ಮ ಚಾಪೆಯ ಪಕ್ಕದಲ್ಲೇ ಹಾದುಹೋಗಲಿ ಎಂದು ಆಸೆಪಡುತ್ತಿದ್ದೆ, ಹಾದುಹೋಗದಿರಲಿ ಎಂದು ದೇವರನ್ನು ಬೇಡಿಕೊಳ್ಳುತ್ತಲೂ ಇದ್ದೆ. ಎರಡೂ ಒಂದೇ ಉಸಿರಿನಲ್ಲಿ.

ನಿದ್ದೆಯಿಂದ ಎಬ್ಬಿಸಿ ಹೆದರಿಸು ಎಂದು ಏಳು ವರ್ಷದ ಮಗು ತಾನಾಗಿ ಕೇಳಿಕೊಳ್ಳುವುದೆಂದರೇನು? ದೆವ್ವದ ಸಿನಿಮಾ ಯಾಕೆ ನೋಡುತ್ತೀ ಎಂದು ನನ್ನನ್ನು ಕೇಳುವವರಿಗೆ ನಾನು ಹೇಳಬೇಕಾದ ಉತ್ತರ ಆ ಗದ್ದೆಯಲ್ಲೇ ಎಲ್ಲೋ ಇದೆ ಎಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಗೊತ್ತಿಲ್ಲದವರಿಗೆ ಆ ಪ್ರಶ್ನೆ ಸಹಜ. ಬದುಕಿನಲ್ಲಿ ಇರುವ ಹೆದರಿಕೆ ಸಾಲದೇ, ದುಡ್ಡು ಕೊಟ್ಟು ಬೇರೆ ತಂದುಕೊಳ್ಳಬೇಕೇ ಎಂದು ಅಮ್ಮ ಇವತ್ತಿಗೂ ಕೇಳುತ್ತಾಳೆ.

ಒಂದು ವರ್ಷ, ಮಹಿಷಾಸುರನನ್ನು ಕಂಡು ನನ್ನ ತಂಗಿಗೆ ಜ್ವರ ಬಂತು. ಅಜ್ಜಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಮುಂದಿನ ವರ್ಷದ ಆಟಕ್ಕೆ ಅಜ್ಜ ನಮ್ಮಿಬ್ಬರನ್ನೂ ಹೊತ್ತಿಗೆ ಮೊದಲೇ ಚೌಕಿಗೆ ಕರೆದುಕೊಂಡು ಹೋದ. ಅಲ್ಲಿ ಬಣ್ಣದ ವೇಷದವರು ಕೈಗನ್ನಡಿ ಹಿಡಿದು ಕುಳಿತಿದ್ದರು. ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿ ಮಾಡಿದ ಚಿಟ್ಟಿಯನ್ನು ಸಣ್ಣ ಕಡ್ಡಿಯಲ್ಲಿ ಎತ್ತಿ, ಕೆನ್ನೆಯ ಮೇಲೆ ಒಂದೊಂದೇ ಮುಳ್ಳಾಗಿ ನಿಲ್ಲಿಸುತ್ತಿದ್ದರು. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಮಾತನಾಡಿದರೆ ಬಿರುಕು ಬಿಡುತ್ತದೆ ಎಂದು ಬಾಯಿ ಬಿಡುತ್ತಿರಲಿಲ್ಲ. ತಂಗಿಯನ್ನು ಕಂಡು ಕಣ್ಣಿನಲ್ಲೇ ನಕ್ಕರು. ಪಕ್ಕದಲ್ಲಿ ಅವರ ಚಹಾ ಆರುತ್ತಿತ್ತು. ನಾವು ಎಷ್ಟು ಹೊತ್ತು ನೋಡುತ್ತ ನಿಂತೆವೆಂದರೆ ಆ ಮುಖದ ಅರ್ಧ ಮನುಷ್ಯ, ಅರ್ಧ ಅಸುರನಾದದ್ದನ್ನು ಕಣ್ಣಾರೆ ಕಂಡೆವು.

ಇನ್ನು ಹೆದರಿಕೆ ಇಲ್ಲ ಎಂದುಕೊಂಡು ಚಾಪೆಗೆ ಮರಳಿದೆವು. ರಾತ್ರಿ ಸೂಟೆ ಹೊತ್ತಿಕೊಂಡಾಗ ಇಬ್ಬರೂ ಕಿರುಚಿದೆವು. ಅಕ್ಕಿಹಿಟ್ಟು, ಕೈಗನ್ನಡಿ, ಆರಿದ ಚಹಾ ಎಲ್ಲ ನೆನಪಿತ್ತು, ಆದರೂ ಕಿರುಚಿದೆವು. ತಂಗಿಗೆ ಜ್ವರ ಮಾತ್ರ ಬರಲಿಲ್ಲ.

ಇದನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ತೂಗಿ ನೋಡಿದ್ದಾರೆ ಎಂದು ನನಗೆ ಗೊತ್ತಾದದ್ದು ಕಾಲೇಜಿನಲ್ಲಿ, ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ' ಓದುವಾಗ. ರಂಗದ ಮೇಲೆ ರಾಮನನ್ನು ಕಂಡಾಗ ನಮಗೆ ಆಗುವ ಅರಿವು ಯಾವ ಬಗೆಯದು? ಇವನು ನಿಜವಾಗಿ ರಾಮ ಎಂಬುದೂ ಅಲ್ಲ, ರಾಮನಲ್ಲ ಎಂಬುದೂ ಅಲ್ಲ, ಹೌದೋ ಅಲ್ಲವೋ ಎಂಬ ಸಂಶಯವೂ ಅಲ್ಲ, ರಾಮನ ಹಾಗಿದ್ದಾನೆ ಎಂಬ ಹೋಲಿಕೆಯೂ ಅಲ್ಲ. ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡು ಮಗು 'ಕುದುರೆ' ಎನ್ನುತ್ತದಲ್ಲ, ಆ ಬಗೆಯ ಅರಿವು ಎಂದು ಹಳೆಯ ಸಂಸ್ಕೃತ ಕಾವ್ಯಮೀಮಾಂಸಕ ಶ್ರೀಶಂಕುಕ ಹೇಳಿದ. ಅದಕ್ಕೆ ಚಿತ್ರತುರಗ ನ್ಯಾಯ ಎಂದು ಹೆಸರು. ಓದಿದ ಕೂಡಲೇ ಚೌಕಿಯ ಆ ಅರ್ಧ ಮುಖ ಕಣ್ಣೆದುರು ಬಂತು.

ಅದೇ ಪರಂಪರೆಯ ಅಭಿನವಗುಪ್ತ ಇನ್ನೂ ಮುಂದೆ ಹೋಗುತ್ತಾನೆ. ಭಯಾನಕ ರಸಕ್ಕೆ ಅವನು ಆರಿಸಿಕೊಳ್ಳುವ ಉದಾಹರಣೆಯಲ್ಲಿ ರಾಕ್ಷಸನೂ ಇಲ್ಲ, ಸ್ಮಶಾನವೂ ಇಲ್ಲ. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆ. ಅದು ಕತ್ತು ಕೊಂಕಿಸಿ ಮತ್ತೆ ಮತ್ತೆ ಹಿಂದಿರುಗಿ ನೋಡುತ್ತದೆ, ಬಾಣ ಬಿದ್ದೀತೆಂದು ಹಿಂಭಾಗವನ್ನು ಮುಂಭಾಗಕ್ಕೆ ಸೆಳೆದುಕೊಳ್ಳುತ್ತದೆ, ದಣಿದು ತೆರೆದ ಬಾಯಿಂದ ಅರ್ಧ ಅಗಿದ ದರ್ಭೆ ದಾರಿಯುದ್ದಕ್ಕೂ ಉದುರುತ್ತದೆ. ನೋಡುವವನಿಗೆ ಇಲ್ಲಿ ಆಗುವುದು ಆ ಜಿಂಕೆಯ ಭಯವೂ ಅಲ್ಲ, ತನ್ನ ಸ್ವಂತ ಭಯವೂ ಅಲ್ಲ; ಯಾರದು, ಎಲ್ಲಿಯದು, ಯಾವಾಗಿನದು ಎಂಬ ಬೇಲಿಗಳೆಲ್ಲ ಕಳಚಿ ಭಯವಷ್ಟೇ ಉಳಿಯುತ್ತದೆ ಎನ್ನುತ್ತಾನೆ. ನನ್ನದೇ ಭಯವಾಗಿದ್ದರೆ ಓಡಿಹೋಗಬೇಕಿತ್ತು. ಇನ್ನೊಬ್ಬರದೇ ಆಗಿದ್ದರೆ ಸುಮ್ಮನೆ ಕೂರಬಹುದಿತ್ತು. ಯಾರದೂ ಅಲ್ಲದ್ದರಿಂದ ಸವಿಯಬಹುದು. ಹೀಗೆ ಬೇಲಿ ಕಳಚುವುದಕ್ಕೆ ಇಟ್ಟ ಸಾಧಾರಣೀಕರಣ ಎಂಬ ಕಟ್ಟುನಿಟ್ಟಾದ ಪದದ ಒಳಗೆ ಬಾಯಿಂದ ಉದುರುವ ಹುಲ್ಲಿನ ಎಸಳು ಇದೆ ಎಂಬುದೇ ನನಗೆ ದೊಡ್ಡ ಸಂತೋಷ. ನಾಟ್ಯಶಾಸ್ತ್ರ ಭಯಾನಕಕ್ಕೆ ಕೊಟ್ಟ ಬಣ್ಣ ಕಪ್ಪು, ಅಧಿದೇವತೆ ಕಾಲ. ಸಾವಿಗೂ ಸಮಯಕ್ಕೂ ಒಂದೇ ಹೆಸರಿರುವ ದೇವತೆ. ಈ ಮಾತನ್ನು ಇಲ್ಲೇ ಬಿಟ್ಟು ಮುಂದೆ ಮತ್ತೆ ಹಿಡಿಯುತ್ತೇನೆ.

2004ರ ಆಗಸ್ಟ್‌ನಲ್ಲಿ 'ಆಪ್ತಮಿತ್ರ' ಬಂತು. ನಾವು ಹಾಸ್ಟೆಲಿನ ಆರು ಹುಡುಗಿಯರು ಮ್ಯಾಟಿನಿಗೆ ಹೋದೆವು. ಸೌಂದರ್ಯ ಏಪ್ರಿಲ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ಸತ್ತು ನಾಲ್ಕು ತಿಂಗಳಾದ ನಟಿ ತೆರೆಯ ಮೇಲೆ, ಸತ್ತು ಎಷ್ಟೋ ಕಾಲವಾದ ನರ್ತಕಿಯೊಬ್ಬಳನ್ನು ತನ್ನ ಮೈಯೊಳಗೆ ಕರೆದುಕೊಂಡು ಕುಣಿಯುತ್ತಿದ್ದರು. ಅವರ ಪಾತ್ರ ಗಂಗಾಳ ಕಣ್ಣು ಆ ನರ್ತಕಿ ನಾಗವಲ್ಲಿಯ ಕಣ್ಣಾಗುವಾಗ ಇಡೀ ಚಿತ್ರಮಂದಿರ ಉಸಿರು ಕಟ್ಟಿ ಕುಳಿತಿತ್ತು. ನನ್ನ ಎಡಗೈಯನ್ನು ಒಬ್ಬಳು, ಬಲಗೈಯನ್ನು ಇನ್ನೊಬ್ಬಳು ಹಿಡಿದಿದ್ದರು. ಹೊರಗೆ ಬಂದಾಗ ಕೈಗಳ ಮೇಲೆ ಉಗುರಿನ ಗುರುತು. ನಮ್ಮಲ್ಲಿ ಒಬ್ಬಳು ಅಳುತ್ತಿದ್ದಳು. ಹೆದರಿಕೆಗೋ ದುಃಖಕ್ಕೋ ಎಂದು ಅವಳಿಗೇ ತಿಳಿಯಲಿಲ್ಲ. ಮುಂದಿನ ಭಾನುವಾರ ಆರು ಜನರೂ ಮತ್ತೆ ಹೋದೆವು.

ಆ ಎರಡನೆಯ ಸಲ ನೋಡಿದ್ದೇ ನನಗೆ ಮುಖ್ಯವೆನಿಸುತ್ತದೆ. ಕಥೆ ಗೊತ್ತಿತ್ತು. ಬಾಗಿಲು ಯಾವಾಗ ತೆರೆಯುತ್ತದೆ, ಗೆಜ್ಜೆ ಯಾವಾಗ ಕೇಳುತ್ತದೆ, ಎಲ್ಲ ಗೊತ್ತಿತ್ತು. ಗೊತ್ತಿದ್ದರಿಂದಲೇ ಕಾಯುವುದರಲ್ಲಿ ರುಚಿ ಹೆಚ್ಚಾಯಿತು. ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಹೇಳುತ್ತಿದ್ದ ಮೇಜಿನ ಕೆಳಗಿನ ಬಾಂಬಿನ ಮಾತು ಇದೇ. ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ನೋಡುವವರಿಗೆ ಸಿಗುವುದು ಹದಿನೈದು ಸೆಕೆಂಡಿನ ಬೆಚ್ಚು. ಅದು ಅಲ್ಲಿದೆ, ಇಂಥ ಗಳಿಗೆಗೆ ಸಿಡಿಯುತ್ತದೆ ಎಂದು ಮೊದಲೇ ಹೇಳಿಬಿಟ್ಟರೆ ಹದಿನೈದು ನಿಮಿಷದ ತಳಮಳ.

ಮೈಯೊಳಗೆ ಏನಾಗುತ್ತದೆ ಎಂಬುದನ್ನು ವಿಜ್ಞಾನಿಗಳು ಸಾಕಷ್ಟು ಬಿಡಿಸಿ ಹೇಳಿದ್ದಾರೆ. ಅಡ್ರಿನಲಿನ್ ಏರುತ್ತದೆ, ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಅಪಾಯ ಸರಿದ ಮೇಲೂ ಆ ಕಾವು ಒಮ್ಮೆಲೇ ಇಳಿಯುವುದಿಲ್ಲ. ಹಿಂದೆಯೇ ಬಂದ ನೆಮ್ಮದಿ ಅದೇ ಕಾವಿನಲ್ಲಿ ಬೆಂದು ಮಾಮೂಲಿಗಿಂತ ದೊಡ್ಡ ನೆಮ್ಮದಿಯಾಗುತ್ತದೆ. ಮೆಣಸಿನಕಾಯಿ ಬಜ್ಜಿ ತಿಂದು ಕಣ್ಣಲ್ಲಿ ನೀರು ಸುರಿಸುತ್ತ ಇನ್ನೊಂದಕ್ಕೆ ಕೈ ಚಾಚುವುದೂ ಇದೇ ಜಾತಿಯದು ಎಂದು ಪಾಲ್ ರೋಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಹೇಳುತ್ತಾನೆ. ನಾಲಗೆ ಬೆಂಕಿ ಎನ್ನುತ್ತದೆ, ಬುದ್ಧಿ ಏನೂ ಆಗದು ಎನ್ನುತ್ತದೆ. ಮೈ ಮೋಸಹೋಗಿದೆ, ನಾನು ಹೋಗಿಲ್ಲ ಎಂಬ ಆ ಅರಿವೇ ಸುಖ.

ಡೆನ್ಮಾರ್ಕಿನ ವೈಲೆ ಪಟ್ಟಣದಲ್ಲಿ ಸಂಶೋಧಕರು ಭೂತಬಂಗಲೆಯ ಪ್ರದರ್ಶನವೊಂದಕ್ಕೆ ಬಂದ 110 ಜನರ ಎದೆಗೆ ಹೃದಯಬಡಿತ ಅಳೆಯುವ ಯಂತ್ರ ಕಟ್ಟಿ ಒಳಗೆ ಕಳುಹಿಸಿದರು. 2020ರಲ್ಲಿ ಪ್ರಕಟವಾದ ಅವರ ಲೆಕ್ಕ ಹೇಳುವುದು ಅಡುಗೆಮನೆಯ ಮಾತನ್ನೇ: ಹೆದರಿಕೆ ತೀರಾ ಕಡಿಮೆಯಾದರೆ ಸಪ್ಪೆ, ಮಿತಿಮೀರಿದರೆ ಬಾಯಿಗಿಡಲಾಗದು, ನಡುವೆ ಒಂದು ಹದ ಇದೆ. ತಂಗಿಗೆ ಮೊದಲ ವರ್ಷ ಆ ಹದ ಮೀರಿತ್ತು. ಅಜ್ಜ ಚೌಕಿಗೆ ಕರೆದೊಯ್ದು ಒಲೆಯ ಉರಿಯನ್ನು ಸ್ವಲ್ಪ ಹಿಂದಕ್ಕೆಳೆದ. ಅವನಿಗೆ ಯಾವ ಯಂತ್ರವೂ ಬೇಕಾಗಿರಲಿಲ್ಲ.

ಸದ್ದಿನ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಹೆದರಿಸುವ ಸಿನಿಮಾ ಮುಕ್ಕಾಲುಪಾಲು ಕಿವಿಯ ವ್ಯವಹಾರ. ಯಾವುದೇ ಭಯಾನಕ ದೃಶ್ಯವನ್ನು ಸದ್ದು ಅಡಗಿಸಿ ನೋಡಿದರೆ ಮುಖಕ್ಕೆ ಬಣ್ಣ ಹಚ್ಚಿಕೊಂಡ ಒಬ್ಬರು ಕಾರಿಡಾರಿನಲ್ಲಿ ನಡೆಯುತ್ತಿರುವುದಷ್ಟೇ ಕಾಣುತ್ತದೆ. ಡೇನಿಯಲ್ ಬ್ಲಮ್‌ಸ್ಟೀನ್ ಎಂಬ ಜೀವವಿಜ್ಞಾನಿ ಅಳಿಲಿನ ಬಳಗಕ್ಕೆ ಸೇರಿದ ಮಾರ್ಮಟ್ ಎಂಬ ಪ್ರಾಣಿಗಳ ಕೂಗನ್ನು ಅಭ್ಯಾಸ ಮಾಡುತ್ತಿದ್ದವನು. ಸಿಕ್ಕಿಬಿದ್ದ ಮರಿಯ ಕೂಗಿನಲ್ಲಿ ಸ್ವರ ಒಡೆದು ಕರ್ಕಶವಾಗುತ್ತದೆ. 2010ರಲ್ಲಿ ಅವನು ಮತ್ತು ಅವನ ಜೊತೆಗಾರರು ನೂರಕ್ಕೂ ಹೆಚ್ಚು ಚಿತ್ರಗಳ ಧ್ವನಿಪಟ್ಟಿಯನ್ನು ಪರೀಕ್ಷಿಸಿ, ಅಂಥದೇ ಒಡೆದ ಸದ್ದನ್ನು ಸಿನಿಮಾದವರು ನಮ್ಮನ್ನು ಕಲಕಲು ಬಳಸಿಕೊಳ್ಳುತ್ತಾರೆ ಎಂದು ತೋರಿಸಿದರು. ಮಹಿಷಾಸುರನ ಅಬ್ಬರ ನನ್ನ ಹೊಟ್ಟೆಗೆ ತಲುಪಿದ್ದು ಯಾಕೆ ಎಂದು ಓದಿದ ಮೇಲೆ ಸ್ವಲ್ಪ ಅರ್ಥವಾಯಿತು.

ಇಷ್ಟೆಲ್ಲ ಓದಿದರೂ ಒಂದು ಕಡೆ ನಾನು ನಿಂತುಬಿಡುತ್ತೇನೆ. ಮಿದುಳಿನಲ್ಲಿ ಭಯಕ್ಕೆ ಮುಖ್ಯವಾದ ಅಮಿಗ್ಡಲಾ ಎಂಬ ಭಾಗ ಅಪರೂಪದ ಕಾಯಿಲೆಯಿಂದ ಎರಡೂ ಬದಿಯಲ್ಲಿ ನಾಶವಾದ ಒಬ್ಬ ಹೆಂಗಸು ಅಮೆರಿಕದಲ್ಲಿದ್ದಾಳೆ. ವೈದ್ಯಕೀಯ ಬರಹಗಳಲ್ಲಿ ಅವಳ ಹೆಸರು ಎಸ್.ಎಂ. ಎಂಬ ಎರಡು ಅಕ್ಷರ. 2011ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಅವಳಿಗೆ ಹಾವು ತೋರಿಸಿದರು, ಭೂತಬಂಗಲೆಗೆ ಕರೆದೊಯ್ದರು, ಭಯಾನಕ ಚಿತ್ರಗಳ ತುಣುಕು ತೋರಿಸಿದರು. ಅವಳಿಗೆ ಹೆದರಿಕೆಯಾಗಲಿಲ್ಲ. ಆದರೆ ಚಿತ್ರಗಳು ಸೊಗಸಾಗಿವೆ ಎಂದಳು; ಒಂದರ ಹೆಸರು ಕೇಳಿದಳು, ಮನೆಗೆ ಬಾಡಿಗೆಗೆ ತಂದು ಪೂರ್ತಿ ನೋಡಬೇಕಂತೆ. ಭಯವೇ ಸುಖ ಎನ್ನುವುದಾದರೆ ಭಯವಿಲ್ಲದ ಅವಳಿಗೆ ಅದರಿಂದ ಏನು ಸಿಕ್ಕಿತು? ನನಗೆ ತೋಚುವುದು ಇಷ್ಟು: ಅಲ್ಲಿ ಇರುವುದು ಏನು, ಅದಕ್ಕೆ ಏನು ಬೇಕು, ಮುಂದೆ ಏನಾಗುತ್ತದೆ ಎಂಬ ಕುತೂಹಲ ಅವಳಲ್ಲಿ ಉಳಿದಿತ್ತು. ಭಯ ಆ ಕುತೂಹಲಕ್ಕೆ ಹಚ್ಚಿದ ದೀಪ ಇರಬಹುದು.

ಮಹಿಷಾಸುರ ರಂಗಸ್ಥಳ ಏರಿದ ಮೇಲೆ ಏನು ಮಾಡುತ್ತಾನೆ ಎಂದು ನಾನು ಹೇಳಲೇ ಇಲ್ಲ. ಅಷ್ಟು ದೂರದಿಂದ ಬೆಂಕಿಯ ನಡುವೆ ಅಬ್ಬರಿಸುತ್ತ ಬಂದವನು ತಾಯಿ ಮಾಲಿನಿಯ ಮುಂದೆ ಮಾತಿಗೆ ನಿಲ್ಲುತ್ತಾನೆ. ಅವನ ಬಾಯಿಂದ 'ಅಮ್ಮಾ' ಎಂಬ ಮಾತು ಬಂದಾಗ ಗದ್ದೆಯಲ್ಲಿ ಉಸಿರು ಬಿಟ್ಟ ಸದ್ದು ಕೇಳಿಸುತ್ತಿತ್ತು. ಕತ್ತಲೆಯಿಂದ ಬಂದದ್ದಕ್ಕೆ ಈಗ ಒಂದು ಹೆಸರಿದೆ, ತಾಯಿಯಿದ್ದಾಳೆ, ತೀರಿಸಿಕೊಳ್ಳಬೇಕಾದ ಹಗೆಯಿದೆ. ನಮ್ಮ ಕಡೆ ಯಾರ ಮೈಮೇಲಾದರೂ ಏನಾದರೂ ಬಂದರೆ ಮೊದಲು ಕೇಳುವುದೇ 'ನೀನು ಯಾರು, ನಿನಗೆ ಏನು ಬೇಕು' ಎಂದು. ಉತ್ತರ ಬಂದರೆ ಅರ್ಧ ಕೆಲಸ ಮುಗಿಯಿತು. ನಾಗವಲ್ಲಿಗೂ ಅವಳದೇ ಒಂದು ನ್ಯಾಯವಿದೆ. ಬದುಕಿದ್ದಾಗ ಯಾರೂ ಕೇಳದ ಹೆಣ್ಣಿನ ಮಾತನ್ನು ಸತ್ತ ಮೇಲೆ ಊರಿಗೆ ಊರೇ ಕೂತು ಕೇಳಬೇಕಾಗುತ್ತದೆ. ನಮ್ಮ ದೆವ್ವಗಳಲ್ಲಿ ಇಷ್ಟೊಂದು ಮಂದಿ ಹೆಂಗಸರೇ ಇರುವುದಕ್ಕೆ ಇದೇ ಕಾರಣ ಎಂದು ನನ್ನ ನಂಬಿಕೆ.

ಆದ್ದರಿಂದಲೇ, ಹೇಳಲು ಏನೂ ಇಲ್ಲದ ದೆವ್ವದ ಸಿನಿಮಾಗಳು ನನಗೆ ಸೇರುವುದಿಲ್ಲ. ಮೂರು ನಿಮಿಷಕ್ಕೊಮ್ಮೆ ಕಿವಿಗೆ ಅಪ್ಪಳಿಸಿ ಬೆಚ್ಚಿಬೀಳಿಸುವುದು, ಕರುಳು ಕಿತ್ತು ತೋರಿಸುವುದು ಹೆದರಿಸುವ ಕಲೆಯಲ್ಲ. ನಾಟ್ಯಶಾಸ್ತ್ರದ ಭರತ ಭಯಾನಕವನ್ನೂ ಹೇಸಿಗೆಯ ಬೀಭತ್ಸವನ್ನೂ ಬೇರೆ ಬೇರೆ ರಸವಾಗಿ ಎಣಿಸಿದ್ದು ಸುಮ್ಮನೆ ಅಲ್ಲ. ಒಂದರಲ್ಲಿ ನಾವು ಬೆರಳಿನ ಸಂದಿಯಿಂದ ನೋಡುತ್ತೇವೆ, ಇನ್ನೊಂದರಲ್ಲಿ ಮುಖ ತಿರುಗಿಸುತ್ತೇವೆ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದು ನೋಡುವವರಿಗೆ ಮಾಡುವ ಅನ್ಯಾಯ.

1990ರ ದಶಕದಲ್ಲಿ, ಬೇಸಿಗೆ ರಜೆಗೆ ಬೆಂಗಳೂರಿನ ಮಾವನ ಮನೆಗೆ ಹೋಗಿದ್ದಾಗ, ಆ ಬೀದಿಯ ಮನೆಗಳ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿತ್ತು. ರಾತ್ರಿ ಒಂದು ದೆವ್ವ ಬಂದು ಮನೆಯವರದೇ ಸ್ವರದಲ್ಲಿ ಹೆಸರು ಹಿಡಿದು ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂದು ಸುದ್ದಿ. ಬಾಗಿಲ ಮೇಲಿನ ಬರಹ ಓದಿ ಅದು ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಅತ್ತೆ ಸಂಜೆಗೆ ಅಂಗಳ ಗುಡಿಸಿ, ಅಳಿಸಿಹೋದ ಅಕ್ಷರಗಳನ್ನು ಮತ್ತೆ ತಿದ್ದುತ್ತಿದ್ದಳು. 'ಳೆ' ಅಕ್ಷರದ ಎತ್ವ ಸರಿಯಾಗಿದೆಯೇ ಎಂದು ನನ್ನಲ್ಲಿ ಕೇಳಿದ್ದಳು. ಅಲ್ಲಿ ನನಗೆ ಒಂದಿಷ್ಟೂ ಖುಷಿಯಾಗಲಿಲ್ಲ. ರಾತ್ರಿಯಿಡೀ ಬಾಗಿಲ ಕಡೆ ಕಿವಿ. ಅಮ್ಮ ಊರಿನಲ್ಲಿದ್ದಳು, ಅಮ್ಮನ ಸ್ವರದಲ್ಲೇ ಕರೆದರೆ ಏನು ಮಾಡಲಿ ಎಂದು ಯೋಚಿಸಿ ಯೋಚಿಸಿ ಬೆಳಗು ಮಾಡಿದೆ. ಕಾರಣ ಸರಳ. ಮಹಿಷಾಸುರ ಬರುವ ಹೊತ್ತು ಅಪ್ಪನಿಗೆ ಗೊತ್ತಿತ್ತು. ಇದು ಬರುವ ಹೊತ್ತು ಯಾರಿಗೂ ಗೊತ್ತಿರಲಿಲ್ಲ.

2021ರ ಮೇ ತಿಂಗಳಲ್ಲಿ ಅಪ್ಪ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಬೆಂಗಳೂರಿನ ನಮ್ಮ ಮನೆಗೆ ಬಂದಿದ್ದಾಗಲೇ ಜ್ವರ ಶುರುವಾಗಿ, ಮೂರನೆಯ ದಿನ ಉಸಿರಿಗೆ ಕಷ್ಟವಾಯಿತು. ವಾರ್ಡಿನೊಳಗೆ ನಮ್ಮನ್ನು ಬಿಡುವಂತಿರಲಿಲ್ಲ. ದಿನಕ್ಕೊಮ್ಮೆ ಫೋನ್ ಬರುತ್ತಿತ್ತು. ಅದಕ್ಕೆ ಹೊತ್ತಿಲ್ಲ. ಒಂದು ದಿನ ಸಂಜೆ ನಾಲ್ಕಕ್ಕೆ, ಇನ್ನೊಂದು ದಿನ ರಾತ್ರಿ ಒಂಬತ್ತೂವರೆಗೆ. ಆಮ್ಲಜನಕದ ಮಟ್ಟ ಇಷ್ಟು ಎಂದು ಒಂದು ಸಂಖ್ಯೆ ಹೇಳಿ ಇಡುತ್ತಿದ್ದರು. ನಾನು ಮತ್ತು ಅಮ್ಮ ಮೊಬೈಲನ್ನು ಊಟದ ಮೇಜಿನ ನಡುವೆ ಇಟ್ಟು ಎರಡು ಕಡೆ ಕುಳಿತಿರುತ್ತಿದ್ದೆವು. ಅದರ ಸದ್ದನ್ನು ಮೆಲ್ಲಗೆ ಮಾಡಿದರೆ ಕೇಳಿಸದು, ಜೋರು ಮಾಡಿದರೆ ತಡೆಯಲಾಗದು. ಯಾರೋ ಹಾಲಿನವರು ಕರೆ ಮಾಡಿದರೂ ಅಮ್ಮನ ಮುಖದಲ್ಲಿ ರಕ್ತ ಇಳಿದುಹೋಗುತ್ತಿತ್ತು. ಬಾಗಿಲ ಮೇಲೆ ಮತ್ತೆ ಮತ್ತೆ ಬರೆಯುತ್ತಿದ್ದ ಅತ್ತೆಯನ್ನು ನಾನು ನೆನೆಸಿಕೊಂಡಿದ್ದು ಆಗ. ಬರೆಯಲು ಒಂದು ಬಾಗಿಲಾದರೂ ಅವಳಿಗೆ ಸಿಕ್ಕಿತ್ತು.

ಆ ಹನ್ನೊಂದು ರಾತ್ರಿಯೂ ನಾನು ದೆವ್ವದ ಸಿನಿಮಾ ನೋಡಿದೆ. ಅಮ್ಮ ಮಲಗಿದ ಮೇಲೆ, ಅಡುಗೆಮನೆಯ ನೆಲದಲ್ಲಿ ಗೋಡೆಗೊರಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಅಂಗೈಯಗಲದ ಪರದೆಯಲ್ಲಿ. ಯಾರಿಗೂ ಹೇಳಲಿಲ್ಲ. ಅಪ್ಪ ಆ ಸ್ಥಿತಿಯಲ್ಲಿರುವಾಗ ಇದೇನು ಎಂದು ನನಗೇ ತಪ್ಪಿತಸ್ಥ ಭಾವನೆಯಿತ್ತು. ಹಾಸ್ಯದ ಚಿತ್ರ ಹಾಕಿದರೆ ನೋಡಲಾಗುತ್ತಿರಲಿಲ್ಲ, ನಗುವ ಜನ ಬೇರೆ ಲೋಕದವರಂತೆ ಕಾಣುತ್ತಿದ್ದರು. ದೆವ್ವದ ಚಿತ್ರದೊಳಗಿನವರು ಮಾತ್ರ ನನ್ನ ಹಾಗೆಯೇ ಬಾಗಿಲ ಕಡೆ ಕಿವಿಗೊಟ್ಟು ಕುಳಿತಿದ್ದರು. ಹಗಲಿಡೀ ಎದೆಯಲ್ಲಿ ಗುರಿಯಿಲ್ಲದೆ ಅಲೆಯುತ್ತಿದ್ದ ಹೆದರಿಕೆಗೆ ಆ ಎರಡು ಗಂಟೆ ಒಂದು ಮುಖ ಸಿಗುತ್ತಿತ್ತು. ಅದು ಮೆಟ್ಟಿಲು ಹತ್ತುತ್ತಿತ್ತು, ನಾನು ಕಾಯುತ್ತಿದ್ದೆ, ಬರುತ್ತಿತ್ತು, ತನ್ನ ಕಥೆ ಹೇಳುತ್ತಿತ್ತು, ಹೋಗುತ್ತಿತ್ತು. ಹೆಸರುಗಳ ಪಟ್ಟಿ ಮೇಲೇರುವಾಗ ಎದೆಬಡಿತ ಇಳಿಯುತ್ತಿತ್ತು. ಹಗಲಿನಲ್ಲಿ ಹತ್ತಿ ಕೂತ ಬಡಿತವೂ ಅದರ ಜೊತೆಗೇ ಇಳಿಯುತ್ತಿತ್ತು. ಆಮೇಲೆ ಮೂರು ಗಂಟೆಯಾದರೂ ನಿದ್ದೆ.

ಮುಂದೆ ಒಂದು ದಿನ ತಿಳಿಯಿತು, 2020ರ ಏಪ್ರಿಲ್‌ನಲ್ಲಿ, ಕೊರೊನಾ ಶುರುವಾದ ಹೊಸತರಲ್ಲಿ, ಕೋಲ್ಟನ್ ಸ್ಕ್ರಿವ್ನರ್ ಮತ್ತು ಅವರ ಜೊತೆಗಾರರು ಅಮೆರಿಕದಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಪ್ರಶ್ನಿಸಿದ್ದರಂತೆ. ಭಯಾನಕ ಚಿತ್ರಗಳನ್ನು ಮೆಚ್ಚುವವರಲ್ಲಿ ಆ ದಿನಗಳ ಮನೋವೇದನೆ ಕಡಿಮೆ ಇತ್ತು. ಚಿತ್ರ ನೋಡಿದ್ದರಿಂದಲೇ ಹಾಗಾಯಿತು ಎಂದು ಅದರಿಂದ ಹೇಳಲು ಬರುವುದಿಲ್ಲ. ಗಟ್ಟಿ ಮನಸ್ಸಿನವರೇ ಅಂಥ ಚಿತ್ರಗಳ ಕಡೆ ಹೋಗುತ್ತಿರಲೂಬಹುದು. ನನ್ನ ಮನಸ್ಸು ಗಟ್ಟಿಯಲ್ಲ. ಆ ಅಡುಗೆಮನೆಯ ನೆಲದ ತಂಪು ನೆನಪಿದೆ, ಅಷ್ಟೇ ಸಾಕ್ಷಿ ನನ್ನಲ್ಲಿರುವುದು.

ಕಾಲನ ಮಾತನ್ನು ಅಲ್ಲಿಯೇ ಬಿಟ್ಟಿದ್ದೆ. ಹೇಳಿ ಬರುವ ಭಯ ಒಂದು, ಹೇಳದೆ ಬರುವ ಭಯ ಇನ್ನೊಂದು. ಎರಡನೆಯದರ ಮುಂದೆ ನಮ್ಮ ಕೈಯಲ್ಲಿ ಏನೂ ಇಲ್ಲ. ಮೊದಲನೆಯದನ್ನು ನಾವೇ ಹೊತ್ತು ಗೊತ್ತುಮಾಡಿ ಕರೆಯುತ್ತೇವೆ. ದೂರದಲ್ಲಿ ಸೂಟೆ ಹಚ್ಚಿಸುತ್ತೇವೆ, ಚೆಂಡೆ ಹೊಡೆಸುತ್ತೇವೆ, ಇಂಥಲ್ಲಿಂದ ಬಂದು ಇಂಥಲ್ಲಿಗೆ ಹೋಗು ಎಂದು ಜನರ ನಡುವೆ ದಾರಿ ಬಿಡುತ್ತೇವೆ. ಅದಕ್ಕೆ ಮುಂಚೆ ಮಕ್ಕಳನ್ನು ಎಬ್ಬಿಸುತ್ತೇವೆ. ಭಯದ ಜೊತೆ ಹೀಗೆ ಹೊತ್ತು ಗೊತ್ತುಮಾಡಿಕೊಳ್ಳುವ ಅವಕಾಶ ಬದುಕಿನಲ್ಲಿ ಬೇರೆಲ್ಲಿಯೂ ಇಲ್ಲ. ನಾನು ಟಿಕೆಟ್ ಕೊಳ್ಳುವುದು ಅದಕ್ಕೆ.

ಅಪ್ಪ ಮನೆಗೆ ಬಂದ. ಹತ್ತು ಕಿಲೋ ಇಳಿದಿದ್ದ. ಬಚ್ಚಲಿಗೆ ಹೋಗಿ ಬಂದರೆ ಹಾಸಿಗೆಯ ಅಂಚಿನಲ್ಲಿ ಕುಳಿತು ಸುಧಾರಿಸಿಕೊಳ್ಳಬೇಕಿತ್ತು. ಹಗಲೆಲ್ಲ ತೂಕಡಿಕೆ, ರಾತ್ರಿ ನಿದ್ದೆ ಇಲ್ಲ. ವಾರ್ಡಿನಲ್ಲಿ ಏನು ಕಂಡ ಎಂದು ನಾವು ಕೇಳಲಿಲ್ಲ, ಅವನು ಹೇಳಲಿಲ್ಲ. ಪಕ್ಕದ ಮಂಚದವರ ವಿಷಯ ಒಮ್ಮೆ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದ.

ಜೂನ್‌ನ ಒಂದು ರಾತ್ರಿ, ಹನ್ನೊಂದು ದಾಟಿತ್ತು, ಹೊರಗೆ ಸಣ್ಣ ಮಳೆ. ನಡುಮನೆಯ ಟಿವಿಯಲ್ಲಿ ನಾನು 'ನಾ ನಿನ್ನ ಬಿಡಲಾರೆ' ಹಾಕಿಕೊಂಡು ಕುಳಿತಿದ್ದೆ. 1979ರ ಚಿತ್ರ. ಅನಂತನಾಗ್, ಲಕ್ಷ್ಮಿ. ಸತ್ತ ಹೆಣ್ಣೊಬ್ಬಳ ಆತ್ಮ ಗಂಡಸಿನ ಮೈಮೇಲೆ ಬರುವ ಕಥೆ. ಅಪ್ಪ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತ. ನಾನು ಗಡಿಬಿಡಿಯಿಂದ ರಿಮೋಟ್ ಹುಡುಕಿದೆ. "ಬೇಡ, ಇರಲಿ," ಎಂದ.

ಒಳಗಿನಿಂದ ಅಮ್ಮ, "ಇಷ್ಟೆಲ್ಲ ಆದ ಮೇಲೆ ಈ ಹೊತ್ತಿನಲ್ಲಿ ಅದೇ ಸಿಕ್ಕಿತಾ ನಿಮಗೆ?" ಎಂದಳು.

"ನಾವಿಬ್ಬರೂ ಮಂಗಳೂರಿನಲ್ಲಿ ಒಟ್ಟಿಗೆ ನೋಡಿದ್ದಲ್ವಾ ಇದನ್ನು," ಎಂದ ಅಪ್ಪ. "ನೀನು ನನ್ನ ಅಂಗಿಯ ತೋಳು ಹರಿದಿದ್ದೆ."

ಅಮ್ಮ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಂದು ಅವನ ಕಾಲಿನ ಮೇಲೆ ಶಾಲು ಹೊದೆಸಿ, ಹೋಗದೆ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

ಹಾಡು ಬಂತು. ಅಪ್ಪನ ತಲೆ ನನ್ನ ಭುಜದ ಕಡೆ ವಾಲತೊಡಗಿತು. ಆಸ್ಪತ್ರೆಯಿಂದ ಬಂದ ಮೇಲೆ ರಾತ್ರಿಯಲ್ಲಿ ಅವನ ಕಣ್ಣು ತಾನಾಗಿ ಮುಚ್ಚುತ್ತಿದ್ದದ್ದು ಅದೇ ಮೊದಲು. ಟಿವಿ ಆರಿಸಿ ಒಳಗೆ ಮಲಗಿಸೋಣ ಎಂದು ಅಮ್ಮನಿಗೆ ಸನ್ನೆ ಮಾಡಿದೆ. ಅಷ್ಟರಲ್ಲಿ ಕಣ್ಣು ತೆರೆಯದೆಯೇ ಅವನು ನನ್ನ ಮಣಿಕಟ್ಟು ಹಿಡಿದುಕೊಂಡ.

"ಅನಂತನಾಗ್ ಮೈಮೇಲೆ ಬರುವಾಗ ಎಬ್ಬಿಸು."

ನಾನು ಹೂಂ ಎಂದೆ. ಅಮ್ಮ ಬಂದು ಇನ್ನೊಂದು ಬದಿಯಲ್ಲಿ ಕುಳಿತಳು. ಆ ದೃಶ್ಯ ಬಂದಾಗ ಸದ್ದು ಸ್ವಲ್ಪ ಹೆಚ್ಚಿಸಿ, ಅವನ ಭುಜ ಅಲುಗಿಸಿದೆ.